ಕ್ಯೂನಲ್ಲಿ ಕಾಯ್ತಿದ್ದ 61 ಪೇಪರ್

ಸಂಶೋಧನಾ ಪೇಪರ್ ಪ್ರಕಟಿಸೋ ಒಂದು ವಿಜ್ಞಾನ ಜರ್ನಲ್‌ಗೆ ಚೀಫ್ ಎಡಿಟರ್ ಆಗಿ ಐದು ತಿಂಗಳಾಯ್ತು. ಇದರ ಬಗ್ಗೆ ಬರೀಬೇಕು ಅಂತ ಮೊದಲನೇ ವಾರದಿಂದಲೂ ಅಂದ್ಕೊಳ್ತಾನೇ ಇದ್ದೆ, ಆದ್ರೆ ನಿರ್ಧಾರಕ್ಕೆ ಕಾಯ್ತಿರೋ ಪೇಪರ್‌ಗಳ ಕ್ಯೂ ಸ್ವಲ್ಪನಾದ್ರೂ ಕರಗೋವರೆಗೂ ಮನಸ್ಸು ಬರ್ಲಿಲ್ಲ. ಅಷ್ಟೊಂದು ಜನ ನನ್ನಿಂದ ಒಂದು ಉತ್ತರಕ್ಕೆ ಕಾಯ್ತಾ ಇರೋವಾಗ ನಾನು ಕೂತ್ಕೊಂಡು ನನ್ನ ಅನುಭವ ಬರೆಯೋದು ಸರಿ ಅನ್ನಿಸ್ಲಿಲ್ಲ.

ನಮ್ಮದು ಇಕಾಲಜಿಯ ಒಂದು ಚಿಕ್ಕ ಜರ್ನಲ್, ಸಿಹಿನೀರಿನ ಜೀವಿಗಳ ಮೇಲಿನ ಪೇಪರ್‌ಗಳು ಜಾಸ್ತಿ ಬರ್ತವೆ. ಆರು ವರ್ಷ ಇದರಲ್ಲೇ ಅಸೋಸಿಯೇಟ್ ಎಡಿಟರ್ ಆಗಿದ್ದೆ. ಆಗ ಲಾಗಿನ್ ಆದ್ರೆ ನನ್ನ ಪಾಲಿಗೆ ಬಂದ ಪೇಪರ್‌ಗಳು ಮಾತ್ರ ಕಾಣ್ತಿದ್ವು, ಒಂದ್ಸಲಕ್ಕೆ ನಾಲ್ಕೋ ಐದೋ. ಹೊಸ ಅಧಿಕಾರ ಸಿಕ್ಕಿದ ದಿನ ಬೆಳಗ್ಗೆ ಲಾಗಿನ್ ಆದೆ ನೋಡಿ, ಇಡೀ ಜರ್ನಲ್ಲೇ ಒಂದೇ ಪಟ್ಟಿಯಾಗಿ ಎದುರಿಗೆ ನಿಂತಿತ್ತು. 61 ಮ್ಯಾನುಸ್ಕ್ರಿಪ್ಟ್, ಅಂದ್ರೆ ಇನ್ನೂ ಪ್ರಕಟ ಆಗದ ಪೇಪರ್. ಪ್ರತಿ ಸಾಲಿನ ಕೊನೆಗೆ ಒಂದು ಸಂಖ್ಯೆ, ಆ ಪೇಪರ್ ನಮ್ಮ ಹತ್ರ ಬಂದು ಎಷ್ಟು ದಿನ ಆಯ್ತು ಅನ್ನೋದು. ಆ ಕಾಲಮ್ ಮೇಲೆ ಕ್ಲಿಕ್ ಮಾಡಿದೆ, ಹಳೇದು ಮೇಲಕ್ಕೆ ಬಂತು. ಮೊದಲನೇ ಸಾಲು, 427.

ಹದಿನಾಲ್ಕು ತಿಂಗಳು!

ತೆರೆದು ನೋಡಿದ್ರೆ ಕಥೆ ತುಂಬಾ ಸಾಧಾರಣವಾದದ್ದು, ಅದಕ್ಕೇ ಜಾಸ್ತಿ ನೋವಾಯ್ತು. ಪೇಪರ್ ಬಂದ ಎರಡನೇ ವಾರಕ್ಕೇ ಒಬ್ಬ ಅಸೋಸಿಯೇಟ್ ಎಡಿಟರ್‌ಗೆ ಹೋಗಿದೆ, ಅವರು ಇಬ್ಬರು ರಿವ್ಯೂವರ್‌ಗಳನ್ನ, ಅಂದ್ರೆ ಪೇಪರ್ ಓದಿ ಅಭಿಪ್ರಾಯ ಬರೆಯೋ ಅದೇ ವಿಷಯದ ತಜ್ಞರನ್ನ, ಹಿಡಿದಿದ್ದಾರೆ, ಒಬ್ಬರು ಇಪ್ಪತ್ತೈದು ದಿನದಲ್ಲಿ ಎರಡೂವರೆ ಪುಟದ ಒಳ್ಳೇ ರಿವ್ಯೂ ಕಳಿಸಿದ್ದಾರೆ, ಇನ್ನೊಬ್ಬರು ಒಪ್ಕೊಂಡವರು ಆಮೇಲೆ ಪತ್ತೆಯೇ ಇಲ್ಲ. ಸಿಸ್ಟಮ್ ತನ್ನ ಪಾಡಿಗೆ ತಾನು ರಿಮೈಂಡರ್ ಕಳಿಸ್ತಾ ಇದೆ, ಒಂದು ಎರಡು ಮೂರು ಹೀಗೆ. ಅಷ್ಟರಲ್ಲಿ ಆ ಅಸೋಸಿಯೇಟ್ ಎಡಿಟರ್ ಕೆಲಸ ಬದಲಾಯಿಸಿದ್ದಾರೆ, ಇಮೇಲ್ ವಿಳಾಸ ಬದಲಾಗಿದೆ, ಅಲ್ಲಿಗೆ ಆ ಪೇಪರ್ ಕಡೆ ನೋಡೋರು ಯಾರೂ ಇಲ್ಲ. ಆಥರ್ ಎರಡು ಸಲ ಕೇಳಿ ಬರೆದಿದ್ದಾರೆ. ಎರಡನೇದರಲ್ಲಿ ಒಂದೇ ವಾಕ್ಯ: ನನ್ನ ಥೀಸಿಸ್ ಸಲ್ಲಿಸೋ ದಿನ ಹತ್ರ ಬಂತು, ದಯವಿಟ್ಟು ಪೇಪರ್ ಯಾವ ಹಂತದಲ್ಲಿದೆ ಅಂತ ತಿಳಿಸಿ. ಎರಡಕ್ಕೂ ಹೋಗಿರೋದು 'ನಿಮ್ಮ ಸಂದೇಶ ತಲುಪಿದೆ' ಅನ್ನೋ ಆಟೋಮ್ಯಾಟಿಕ್ ಉತ್ತರ.

ಯಾರೂ ಕೆಟ್ಟವರಲ್ಲ ಇದರಲ್ಲಿ, ಯಾರೂ ಬೇಕು ಅಂತ ಮಾಡಿದ್ದಲ್ಲ. ಎಲ್ಲರೂ ಇನ್ನೊಬ್ಬರು ನೋಡ್ತಿದ್ದಾರೆ ಅಂದ್ಕೊಂಡಿದ್ದಾರೆ ಅಷ್ಟೇ.

ನನಗಿಂತ ಮುಂಚೆ ಒಂಬತ್ತು ವರ್ಷ ಈ ಕುರ್ಚಿಯಲ್ಲಿದ್ದ ಮೇಡಂ ಜೊತೆ ಅದೇ ವಾರ ಮೂರು ಗಂಟೆ ವಿಡಿಯೋ ಕಾಲ್ ಇತ್ತು, ಎಲ್ಲಾ ಹಸ್ತಾಂತರ ಮಾಡೋಕೆ. ಕೊನೇ ವರ್ಷ ಅವರಿಗೆ ಆರೋಗ್ಯ ಸರಿಯಿರ್ಲಿಲ್ಲ, ಅದು ನಮಗೆಲ್ಲಾ ಗೊತ್ತಿತ್ತು, ಕ್ಯೂ ಉದ್ದ ಆಗಿದ್ದೂ ಆಗಲೇ. ನಾನು 427ರ ವಿಷಯ ಎತ್ತೋಕೆ ಹಿಂಜರೀತಿದ್ದೆ, ಅವರೇ ಎತ್ತಿದ್ರು. "ಅದೊಂದು ನನ್ನ ಕೈ ತಪ್ಪಿ ಹೋಯ್ತು" ಅಂದ್ರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು ಅಂದಿದ್ದು ನನಗೆ ಹಾಗೇ ಉಳ್ಕೊಂಡಿದೆ: "ನೋಡಿ, ಇಷ್ಟು ವರ್ಷದಲ್ಲಿ ಸಾವಿರಾರು ಪೇಪರ್ ರಿಜೆಕ್ಟ್ ಮಾಡಿದ್ದೀನಿ. ಅದಕ್ಕೆ ನನ್ನ ಮೇಲೆ ಸಿಟ್ಟು ಇಟ್ಕೊಂಡವರು ಕಮ್ಮಿ. ಉತ್ತರ ಕೊಡದೇ ಕಾಯಿಸಿದ್ನಲ್ಲ, ಅವರು ಮಾತ್ರ ಕಾನ್ಫರೆನ್ಸ್‌ನಲ್ಲಿ ಸಿಕ್ಕಿದ್ರೆ ಮುಖ ತಿರುಗಿಸ್ತಾರೆ. ಅವರದ್ದು ನ್ಯಾಯವೇ."

ಆಮೇಲೆ ಒಂದು ನೋಟ್‌ಬುಕ್ ಕ್ಯಾಮೆರಾಗೆ ಹಿಡಿದು ತೋರಿಸಿದ್ರು. ರಿವ್ಯೂವರ್‌ಗಳ ಬಗ್ಗೆ ಅವರದ್ದೇ ಟಿಪ್ಪಣಿ, ಪೆನ್ಸಿಲ್‌ನಲ್ಲಿ, ಯಾಕಂದ್ರೆ ಜನ ಬದಲಾಗ್ತಾರೆ ಅಳಿಸೋಕೆ ಬರ್ಬೇಕು ಅಂತ. ಯಾರು ಕಟ್ಟುನಿಟ್ಟು ಆದ್ರೆ ನ್ಯಾಯವಾಗಿ ಬರೀತಾರೆ, ಯಾರು ಅಂಕಿಅಂಶ ಚೆನ್ನಾಗಿ ನೋಡ್ತಾರೆ ಆದ್ರೆ ಜೀವಿಯ ಬಗ್ಗೆ ಗೊತ್ತಿಲ್ಲ, ಯಾರಿಗೆ ಈಗಷ್ಟೇ ಮಗು ಆಗಿದೆ ಒಂದು ವರ್ಷ ಕೇಳ್ಬೇಡಿ, ಯಾರು ಯಾರ ಹಳೇ ವಿದ್ಯಾರ್ಥಿ. ಸಿಸ್ಟಮ್‌ನಲ್ಲಿ ಇದ್ಯಾವುದೂ ಇಲ್ಲ. ಅಲ್ಲಿರೋದು 'ಆಹ್ವಾನ 11, ಒಪ್ಪಿಗೆ 4, ಸರಾಸರಿ 31 ದಿನ' ಅಂತ ಲೆಕ್ಕ ಮಾತ್ರ. ನೋಟ್‌ಬುಕ್ ನನಗೆ ಕೊಡಲ್ಲ ಅಂದ್ರು, ಅದು ಜನ ಅವರನ್ನ ನಂಬಿದ್ದರಿಂದ ಸಿಕ್ಕ ಮಾಹಿತಿ, ನಿಮ್ಮದು ನೀವೇ ಶುರು ಮಾಡಿ ಅಂತ. ಆ ಕ್ಷಣಕ್ಕೆ ಬೇಜಾರಾಯ್ತು, ಈಗ ಅವರು ಮಾಡಿದ್ದೇ ಸರಿ ಅನ್ಸುತ್ತೆ. ನಂದೂ ಒಂದು ನೋಟ್‌ಬುಕ್ ಈಗ ಹದಿನೆಂಟನೇ ಪುಟದಲ್ಲಿದೆ.

ಈ ಕೆಲಸದ ಹೊರಗಿರೋ ಸ್ನೇಹಿತರು ಕೇಳ್ತಾರೆ, ಎಡಿಟರ್ ಅಂದ್ರೆ ಭಾಷೆ ತಿದ್ದೋದಾ ಅಂತ. ಅಲ್ಲ. ಪೇಪರ್ ಬರುತ್ತೆ, ಆಫೀಸ್‌ನವರು ಎಲ್ಲಾ ಫೈಲ್ ಇದ್ಯಾ ನೋಡ್ತಾರೆ, ಬೇರೆ ಕಡೆಯಿಂದ ನಕಲು ಆಗಿದ್ಯಾ ಅಂತ ಸಾಫ್ಟ್‌ವೇರ್‌ನಲ್ಲಿ ಒಂದ್ಸಲ ಹಾಯಿಸ್ತಾರೆ, ಆಮೇಲೆ ನನ್ನ ಹತ್ರ ಬರುತ್ತೆ. ನಾನು ಓದಿ, ನಮ್ಮ ಜರ್ನಲ್‌ಗೆ ಹೊಂದಲ್ಲ ಅಥವಾ ಮೂಲದಲ್ಲೇ ದೋಷ ಇದೆ ಅನ್ನಿಸಿದ್ರೆ ರಿವ್ಯೂಗೇ ಕಳಿಸ್ದೆ ವಾಪಸ್ ಮಾಡ್ತೀನಿ, ಇದನ್ನೇ ಡೆಸ್ಕ್ ರಿಜೆಕ್ಟ್ ಅನ್ನೋದು. ಇಲ್ಲಾಂದ್ರೆ ಆ ವಿಷಯ ಗೊತ್ತಿರೋ ಅಸೋಸಿಯೇಟ್ ಎಡಿಟರ್‌ಗೆ ಕೊಡ್ತೀನಿ, ಅವರು ರಿವ್ಯೂವರ್‌ಗಳನ್ನ ಹುಡುಕ್ತಾರೆ. ಇಲ್ಲೇ ಜಾಸ್ತಿ ದಿನ ಹೋಗೋದು. ನಮ್ಮಲ್ಲಿ ಇಬ್ಬರು ಸಿಗೋಕೆ ಎಂಟು ಹತ್ತು ಜನಕ್ಕೆ ಬರೀಬೇಕಾಗುತ್ತೆ, ಒಂದು ಪೇಪರ್‌ಗೆ ನಾನೇ ಹದಿನೇಳು ಜನಕ್ಕೆ ಬರೆದಿದ್ದೀನಿ. ಯಾರಿಗೂ ಇದಕ್ಕೆ ದುಡ್ಡಿಲ್ಲ, ರಿವ್ಯೂವರ್‌ಗೂ ಇಲ್ಲ ನಮ್ಮ ಅಸೋಸಿಯೇಟ್ ಎಡಿಟರ್‌ಗಳಿಗೂ ಇಲ್ಲ. ರಾತ್ರಿ ಮಕ್ಕಳು ಮಲಗಿದ ಮೇಲೆ, ಭಾನುವಾರ ಬೆಳಗ್ಗೆ, ಪ್ರಯಾಣದಲ್ಲಿ, ಹೀಗೇ ನಡೆಯೋ ಕೆಲಸ ಇದು. ಅದನ್ನ ಮರೆತು ಯಾರ ಮೇಲೂ ಸಿಡುಕೋಕೆ ಆಗಲ್ಲ.

ಒಂದು ವಿಷಯ ನನಗೆ ಈ ಹಿಂದೆ ಹೊಳೆದಿರ್ಲಿಲ್ಲ, ಹಳೇ ಇತಿಹಾಸ ಓದೋವಾಗ ಹೊಳೀತು. 1665ರ ಮಾರ್ಚ್‌ನಲ್ಲಿ ಲಂಡನ್‌ನಲ್ಲಿ ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್ ಅನ್ನೋ ವಿಜ್ಞಾನ ಜರ್ನಲ್ ಶುರು ಮಾಡಿದ ಹೆನ್ರಿ ಓಲ್ಡನ್‌ಬರ್ಗ್ ಮೂಲತಃ ವಿಜ್ಞಾನಿ ಅಲ್ಲ, ಅಲ್ಲಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಯ ಸೆಕ್ರೆಟರಿ. ಅವರ ಕೆಲಸ ಪತ್ರ ಬರೆಯೋದು. ಯುರೋಪಿನ ಮೂಲೆಮೂಲೆಯಿಂದ ಯಾರ್ಯಾರೋ ನಾನು ಹೀಗೆ ನೋಡಿದೆ, ಹಾಗೆ ಅಳೆದೆ ಅಂತ ಬರೆದದ್ದಕ್ಕೆ ಉತ್ತರಿಸೋದು, ಒಬ್ಬರ ಪತ್ರ ಇನ್ನೊಬ್ಬರಿಗೆ ತಲುಪಿಸೋದು. ಆ ಪತ್ರವ್ಯವಹಾರವೇ ಮುಂದೆ ಜರ್ನಲ್ ಆಯ್ತು. 1667ರಲ್ಲಿ, ಯುದ್ಧದ ಕಾಲ, ಅವರನ್ನ ಲಂಡನ್ ಟವರ್‌ನಲ್ಲಿ ಕೂಡಿಹಾಕಿದ್ರು, ಹೊರಗೆ ಬಂದವರು ಮತ್ತೆ ಅದೇ ಪತ್ರದ ಕೆಲಸಕ್ಕೆ ಕೂತ್ರು, 1677ರಲ್ಲಿ ಸಾಯೋವರೆಗೂ. ಅಂದ್ರೆ ನಮ್ಮ ಹುದ್ದೆ ಹುಟ್ಟಿದ್ದೇ ಬಂದ ಪತ್ರಕ್ಕೆ ಉತ್ತರ ಬರೆಯೋ ಕೆಲಸವಾಗಿ. ತೀರ್ಪು, ಆಯ್ಕೆ, ಅಂತಸ್ತು, ಇಂಪ್ಯಾಕ್ಟ್ ಫ್ಯಾಕ್ಟರ್ ಅನ್ನೋ ಜರ್ನಲ್ ಅಂಕ ಎಲ್ಲಾ ಆಮೇಲೆ ಬಂದು ಸೇರ್ಕೊಂಡದ್ದು.

ಹಾಗಾಗಿ ನಾನು ಮಾಡಿದ ಮೊದಲನೇ ಕೆಲಸ ಏನೂ ದೊಡ್ಡದಲ್ಲ. ನಾಲ್ಕು ತಿಂಗಳು ದಾಟಿದ 23 ಪೇಪರ್‌ಗಳ ಆಥರ್‌ಗಳಿಗೆ ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಬರೆದೆ. ಟೆಂಪ್ಲೇಟ್ ಅಲ್ಲ. ನಿಮ್ಮ ಪೇಪರ್ ಈ ಹಂತದಲ್ಲಿದೆ, ತಡ ಆಗಿರೋದಕ್ಕೆ ಕಾರಣ ಇದು, ತಪ್ಪು ನಮ್ಮದು, ಇಂಥ ತಾರೀಖಿನೊಳಗೆ ನಿರ್ಧಾರ ತಿಳಿಸ್ತೀನಿ, ಅಷ್ಟರೊಳಗೆ ಬೇರೆ ಕಡೆ ಕಳಿಸ್ಬೇಕು ಅನ್ನಿಸಿದ್ರೆ ಯಾವ ಬೇಜಾರೂ ಇಲ್ಲದೆ ವಾಪಸ್ ತಗೊಳ್ಳಿ. ನಾಲ್ಕು ದಿನ ಹಿಡೀತು. ಇಬ್ಬರು ವಾಪಸ್ ತಗೊಂಡ್ರು. ಉಳಿದವರಲ್ಲಿ ಹೆಚ್ಚಿನವರು ಥ್ಯಾಂಕ್ಸ್ ಅಂತ ಬರೆದ್ರು, ಒಬ್ಬರು ಮಾತ್ರ ತುಂಬಾ ಕಟುವಾಗಿ ಬರೆದ್ರು, ಅದನ್ನ ಎರಡು ಸಲ ಓದಿದೆ, ಅದರಲ್ಲಿ ಸುಳ್ಳು ಏನೂ ಇರ್ಲಿಲ್ಲ.

427ನೇ ದಿನದ ಪೇಪರನ್ನ ನಾನೇ ತಗೊಂಡೆ. ಎರಡನೇ ರಿವ್ಯೂವರ್‌ಗೆ ಇನ್ನು ಕಾಯೋದು ಬೇಡ ಅಂತ ನಾನೇ ಕೂತು ಪೂರ್ತಿ ಓದಿದೆ. ಒಂದು ಜಲಾಶಯದ ಕೆಳಗೆ ನದಿ ತಳದ ಕೀಟಗಳ ಮೇಲೆ ಐದು ವರ್ಷದ ಮಾಹಿತಿ, ಪ್ರತಿ ತಿಂಗಳೂ ಅದೇ ಹನ್ನೆರಡು ಜಾಗದಲ್ಲಿ ಬಲೆ ಹಾಕಿ ಹಿಡಿದು ಎಣಿಸಿರೋದು. ಮೂರನೇ ಚಿತ್ರದ ಗ್ರಾಫ್‌ನಲ್ಲಿ ಒಂದು ಕಡೆ ಗೆರೆ ತುಂಡಾಗಿತ್ತು, ಎರಡು ತಿಂಗಳು ಮಾಹಿತಿ ಇಲ್ಲ, ಕೆಳಗೆ ಚಿಕ್ಕ ಅಕ್ಷರದಲ್ಲಿ 'ಪ್ರವಾಹದಿಂದ ಜಾಗ ತಲುಪಲಾಗಲಿಲ್ಲ' ಅಂತ ಬರೆದಿದ್ರು. ಆ ಗೆರೆನ ಸೇರಿಸಿಬಿಡೋದು ಎಷ್ಟು ಸುಲಭ ಇತ್ತು ಅಂತ ನನಗೆ ಗೊತ್ತು, ಎಷ್ಟೋ ಜನ ಸೇರಿಸ್ತಾರೆ ಅನ್ನೋದೂ ಗೊತ್ತು. ಇವರು ಖಾಲಿ ಬಿಟ್ಟಿದ್ರು. ಅಂಕಿಅಂಶದ ಭಾಗದಲ್ಲಿ ಒಂದು ಸಮಸ್ಯೆ ಇತ್ತು, ಒಂದೇ ಜಾಗದಿಂದ ಮತ್ತೆ ಮತ್ತೆ ತೆಗೆದ ಮಾದರಿಗಳನ್ನ ಬೇರೆ ಬೇರೆ ಜಾಗದವು ಅನ್ನೋ ಹಾಗೆ ಲೆಕ್ಕಕ್ಕೆ ಹಿಡಿದಿದ್ರು. ಅದನ್ನ ಹೇಗೆ ಸರಿಪಡಿಸೋದು ಅಂತ ಬಿಡಿಸಿ ಬರೆದು ಮೇಜರ್ ರಿವಿಷನ್ ಕೊಟ್ಟೆ, ಅಂದ್ರೆ ದೊಡ್ಡ ತಿದ್ದುಪಡಿ ಮಾಡಿ ಮತ್ತೆ ಕಳಿಸಿ ಅಂತ. ಮೂರೇ ವಾರದಲ್ಲಿ ತಿದ್ದಿದ್ದು ವಾಪಸ್ ಬಂತು. ಫಲಿತಾಂಶ ಸ್ವಲ್ಪ ಮೆತ್ತಗಾಗಿತ್ತು, ಆದ್ರೆ ಗಟ್ಟಿಯಾಗಿತ್ತು. ಪೇಪರ್ ಈಗ ಪ್ರಕಟ ಆಗಿದೆ. ಥೀಸಿಸ್ ಮಾತ್ರ ಅಷ್ಟರಲ್ಲಿ ಈ ಪೇಪರ್ ಇಲ್ದೇನೇ ಸಲ್ಲಿಸಿ ಆಗಿತ್ತು, ಅದನ್ನ ನಾನು ಏನು ಮಾಡಿದ್ರೂ ಸರಿ ಮಾಡೋಕಾಗಲ್ಲ.

ತಡದ ವಿಷಯ ಬಂದಾಗ ನನಗೆ ಹ್ಯಾನ್ಸ್ ಕ್ರೆಬ್ಸ್ ಕಥೆ ನೆನಪಾಗುತ್ತೆ. ಬಯಾಲಜಿ ಓದಿದ ಎಲ್ಲರಿಗೂ ಕ್ರೆಬ್ಸ್ ಸೈಕಲ್ ಗೊತ್ತಲ್ಲ, ಜೀವಕೋಶ ಆಹಾರದಿಂದ ಶಕ್ತಿ ತೆಗೆಯೋ ಆ ಚಕ್ರ. 1937ರ ಜೂನ್‌ನಲ್ಲಿ ಅವರು ಅದನ್ನ ನೇಚರ್ ಅನ್ನೋ ಹೆಸರಾಂತ ಜರ್ನಲ್‌ಗೆ ಕಳಿಸಿದ್ರು. ಎಡಿಟರ್ ಕಡೆಯಿಂದ ಬಂದ ಉತ್ತರ: ನಮ್ಮ ಹತ್ರ ಏಳೆಂಟು ವಾರಕ್ಕೆ ಆಗೋಷ್ಟು ಪತ್ರ ಈಗಾಗಲೇ ಇದೆ, ತಡ ಆದ್ರೂ ಪರವಾಗಿಲ್ಲ ಅಂದ್ರೆ ಇಟ್ಕೊಳ್ತೀವಿ, ಇಲ್ಲಾಂದ್ರೆ ಬೇರೆ ಕಡೆ ಕಳಿಸಿ. ಕ್ರೆಬ್ಸ್ ಅದನ್ನ ಎನ್‌ಜೈಮೋಲೋಜಿಯಾ ಅನ್ನೋ ಜರ್ನಲ್‌ಗೆ ಕಳಿಸಿದ್ರು, ಎರಡು ತಿಂಗಳೊಳಗೆ ಪ್ರಕಟ ಆಯ್ತು, 1953ರಲ್ಲಿ ನೊಬೆಲ್ ಬಂತು. ಈ ಕಥೆನ ಎಲ್ಲರೂ 'ನೋಡಿ ಎಡಿಟರ್‌ಗಳು ಎಂಥಾ ತಪ್ಪು ಮಾಡ್ತಾರೆ' ಅನ್ನೋಕೆ ಹೇಳ್ತಾರೆ. ನಾನೂ ಹಾಗೇ ಹೇಳ್ತಿದ್ದೆ. ಈಗ ಈ ಕಡೆ ಕೂತ ಮೇಲೆ ಆ ಪತ್ರ ಬೇರೆ ಥರ ಕಾಣುತ್ತೆ. ಎಡಿಟರ್ ಪೇಪರ್‌ನ ಬೆಲೆ ಗುರುತಿಸ್ಲಿಲ್ಲ, ನಿಜ. ಆದ್ರೆ ನಮ್ಮಲ್ಲಿ ಇಷ್ಟು ಕ್ಯೂ ಇದೆ, ನಿಮಗೆ ಹೇಗೆ ಅನುಕೂಲವೋ ಹಾಗೆ ಮಾಡಿ ಅಂತ ಬೇಗ, ನೇರವಾಗಿ ಹೇಳಿದ್ರು. ಅದಕ್ಕೇ ಕ್ರೆಬ್ಸ್ ಎರಡು ತಿಂಗಳಲ್ಲಿ ಪ್ರಕಟಿಸೋಕಾಯ್ತು. ಉತ್ತರ ಕೊಡದೇ ಹದಿನಾಲ್ಕು ತಿಂಗಳು ಇಟ್ಕೊಂಡಿದ್ರೆ?

ಟೀಮ್ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಕ್ಯೂ ಕರಗಿದ್ದು ನನ್ನಿಂದಲ್ಲ ಅವರಿಂದ. ಹನ್ನೊಂದು ಜನ ಅಸೋಸಿಯೇಟ್ ಎಡಿಟರ್‌ಗಳು, ಬೇರೆ ಬೇರೆ ಟೈಮ್ ಝೋನ್, ಎಲ್ಲರನ್ನೂ ಒಟ್ಟಿಗೆ ಒಂದು ಮೀಟಿಂಗ್‌ಗೆ ಕರೆಯೋಕೇ ಆಗಲ್ಲ. ನಿನ್ನೆವರೆಗೆ ನಾನು ಅವರಲ್ಲಿ ಒಬ್ಬ, ಇವತ್ತು ಅವರಿಗೆ ಕೆಲಸ ಹಂಚೋನು, ಅದೊಂದು ಮುಜುಗರ ಇತ್ತು. ನನಗಿಂತ ಹಿರಿಯರು ಮೂರು ಜನ ಇದ್ದಾರೆ, ಅವರಿಗೆ 'ನಿಮ್ಮ ಪೇಪರ್ ತಡ ಆಗಿದೆ' ಅಂತ ಬರೆಯೋಕೆ ಕೈ ಬರ್ತಿರ್ಲಿಲ್ಲ. ಒಬ್ಬೊಬ್ಬರಿಗೂ ಫೋನ್ ಮಾಡೋಣ ಅಂತ ನಿರ್ಧಾರ ಮಾಡಿದೆ, ತಡದ ಮಾತೇ ಎತ್ತಬಾರ್ದು, ಒಂದೇ ಪ್ರಶ್ನೆ ಕೇಳ್ಬೇಕು: ಈಗ ನಿಮ್ಮ ಜೀವನದಲ್ಲಿ ಏನು ನಡೀತಿದೆಯೋ ಅದರ ಜೊತೆಗೆ ತಿಂಗಳಿಗೆ ಎಷ್ಟು ಪೇಪರ್ ನಿಜವಾಗ್ಲೂ ನೋಡೋಕಾಗುತ್ತೆ? ಒಬ್ಬರು ಸುಮಾರು ಹೊತ್ತು ಸುಮ್ಮನಿದ್ದು, "ಇದನ್ನ ಇಲ್ಲಿವರೆಗೂ ಯಾರೂ ಕೇಳಿರ್ಲಿಲ್ಲ ಕಣ್ರೀ, ಕಳಿಸ್ತಾ ಇದ್ರು ಅಷ್ಟೇ" ಅಂದ್ರು. ಅವರ ತಾಯಿ ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ರು. ಅವರು ಬಿಡ್ತೀನಿ ಅಂದ್ರು, ಇನ್ನೊಬ್ಬರೂ ಬಿಟ್ರು, ಇಬ್ಬರಿಗೂ ಮನಸ್ಸು ತುಂಬಿ ಥ್ಯಾಂಕ್ಸ್ ಹೇಳಿದೆ. ಉಳಿದ ಒಂಬತ್ತು ಜನ ಕೊಟ್ಟ ಸಂಖ್ಯೆ ಕೂಡಿಸಿದೆ, ನಮಗೆ ಬರೋ ಪೇಪರ್‌ಗಿಂತ ಕಮ್ಮಿ ಇತ್ತು. ತಡ ಯಾರ ಸೋಮಾರಿತನವೂ ಅಲ್ಲ, ಲೆಕ್ಕವೇ ಕೂಡ್ತಿರ್ಲಿಲ್ಲ! ಹೊಸಬರು ನಾಲ್ಕು ಜನ ಬಂದ್ರು, ಇಬ್ಬರು ನಮಗೆ ಚೆನ್ನಾಗಿ ರಿವ್ಯೂ ಬರ್ಕೊಡ್ತಿದ್ದ ಯುವ ಸಂಶೋಧಕರು, ಇನ್ನಿಬ್ಬರನ್ನ ಅವರೇ ಸೂಚಿಸಿದ್ರು.

ಈಗ ರಿಜೆಕ್ಟ್ ಪತ್ರ. ನಮ್ಮ ಹಳೇ ಟೆಂಪ್ಲೇಟ್ 'ನಿಮ್ಮ ಮ್ಯಾನುಸ್ಕ್ರಿಪ್ಟ್ ಅನ್ನು ಕೂಲಂಕಷವಾಗಿ ಪರಿಶೀಲಿಸಲಾಗಿದ್ದು' ಅಂತ ಶುರುವಾಗಿ ಎರಡನೇ ಪ್ಯಾರಾದ ಕೊನೆಯಲ್ಲಿ ಎಲ್ಲೋ ವಿಷಯ ಹೇಳ್ತಿತ್ತು. ಆಥರ್ ಆಗಿ ಇಂಥ ಪತ್ರ ನಾನೂ ಎಷ್ಟೋ ಓದಿದ್ದೀನಿ, ಕಣ್ಣು ನೇರವಾಗಿ 'ಆದರೆ' ಅನ್ನೋ ಪದ ಹುಡುಕುತ್ತೆ. ಅದನ್ನ ತೆಗೆದು ಹಾಕ್ದೆ. ಮೊದಲನೇ ವಾಕ್ಯದಲ್ಲೇ ನಿರ್ಧಾರ, ಎರಡನೇದರಲ್ಲಿ ಮುಖ್ಯ ಕಾರಣ, ಆಮೇಲೆ ಈ ಪೇಪರ್‌ನಲ್ಲಿ ಏನು ಚೆನ್ನಾಗಿದೆ, ಎಲ್ಲಿಗೆ ಕಳಿಸ್ಬಹುದು. ಡೆಸ್ಕ್ ರಿಜೆಕ್ಟ್ ಆದ್ರೆ ಹತ್ತು ದಿನದೊಳಗೆ ಹೋಗ್ಲೇಬೇಕು. ಕಾರಣ ನನ್ನ ಮಾತಲ್ಲೇ ಬರೀತೀನಿ, ರಿವ್ಯೂವರ್‌ಗಳ ಹೆಗಲ ಮೇಲೆ ಹಾಕಲ್ಲ. ರಿವ್ಯೂವರ್ ಸಲಹೆ ಕೊಡ್ತಾರೆ, ನಿರ್ಧಾರ ನಂದು, ಕೆಳಗೆ ಹೆಸರು ಇರೋದೂ ನಂದೇ.

ಈ ಪತ್ರಗಳು ಎಷ್ಟು ದಿನ ಬದುಕ್ತವೆ ಅನ್ನೋಕೆ ಅಮೆರಿಕದ ವಿಜ್ಞಾನಿ ರೋಸಲಿನ್ ಯಾಲೋ ಕಥೆ ಸಾಕು. ಇನ್ಸುಲಿನ್ ತಗೊಳ್ಳೋ ರೋಗಿಗಳ ರಕ್ತದಲ್ಲಿ ಅದರ ವಿರುದ್ಧ ಆ್ಯಂಟಿಬಾಡಿ ಹುಟ್ಟುತ್ತೆ ಅಂತ ಅವರು ಸೋಲೊಮನ್ ಬರ್ಸನ್ ಜೊತೆ ಬರೆದ ಪೇಪರನ್ನ 1955ರಲ್ಲಿ ಜರ್ನಲ್ ಆಫ್ ಕ್ಲಿನಿಕಲ್ ಇನ್ವೆಸ್ಟಿಗೇಷನ್ ವಾಪಸ್ ಕಳಿಸ್ತು. ಕೊನೆಗೆ ತಲೆಬರಹದಿಂದ 'ಇನ್ಸುಲಿನ್ ಆ್ಯಂಟಿಬಾಡಿ' ಅನ್ನೋ ಪದ ತೆಗೆದ ಮೇಲೆ 1956ರಲ್ಲಿ ಅದೇ ಜರ್ನಲ್ ಪ್ರಕಟಿಸ್ತು. ಯಾಲೋ ಆ ಪತ್ರ ಇಟ್ಕೊಂಡಿದ್ರು. 1977ರಲ್ಲಿ ನೊಬೆಲ್ ಬಂದಾಗ ತಮ್ಮ ಉಪನ್ಯಾಸದಲ್ಲಿ ಅದನ್ನೇ ತೋರಿಸಿದ್ರು. ಇಪ್ಪತ್ತೆರಡು ವರ್ಷ! ನಾನು ಸಂಜೆ ಆರಕ್ಕೆ ಸುಸ್ತಾಗಿ ನಾಲ್ಕು ಸಾಲು ಬರೆದು ಕಳಿಸಿದ ಪತ್ರ ಯಾರ ಡ್ರಾಯರ್‌ನಲ್ಲಿ ಎಷ್ಟು ವರ್ಷ ಇರುತ್ತೋ. ಅದಕ್ಕೇ ಈಗ ರಿಜೆಕ್ಟ್ ಪತ್ರ ಸಂಜೆ ಬರೆದ್ರೂ ಕಳಿಸೋದು ಮಾರನೇ ದಿನ ಬೆಳಗ್ಗೆ ಇನ್ನೊಂದ್ಸಲ ಓದಿ.

ಎರಡನೇ ತಿಂಗಳಲ್ಲಿ ಒಂದು ಪರೀಕ್ಷೆ ಬಂತು. ನಮ್ಮ ಕ್ಷೇತ್ರದಲ್ಲಿ ತುಂಬಾ ದೊಡ್ಡವರು, ಅವರ ಕೆಲಸ ಓದೇ ನಾನು ಈ ದಾರಿಗೆ ಬಂದಿದ್ದು, ಅವರೊಂದು ಪೇಪರ್ ಕಳಿಸಿದ್ರು. ರಿವ್ಯೂ ಮಾಡಿದವರಲ್ಲಿ ಒಬ್ಬರು ಪಿಎಚ್‌ಡಿ ಮುಗಿಸಿ ಎರಡೇ ವರ್ಷ ಆದವರು, ಪೇಪರ್‌ನ ಗಣಿತದ ಮಾಡೆಲ್‌ನಲ್ಲಿ ಇಟ್ಕೊಂಡ ಒಂದು ಊಹೆ ಹೇಗೆ ತಪ್ಪು ಅಂತ ಸಣ್ಣ ಉದಾಹರಣೆ ಸಮೇತ ತೋರಿಸಿದ್ರು. ನಾನೇ ಕಾಗದದ ಮೇಲೆ ಲೆಕ್ಕ ಮಾಡಿ ನೋಡಿದೆ, ಅವರು ಹೇಳಿದ್ದು ಸರಿ ಇತ್ತು. ಆ ರಿವ್ಯೂ ಸಮೇತ ಪತ್ರ ಕಳಿಸಿದೆ. ಅರ್ಧ ಗಂಟೆಯಲ್ಲೇ ಆ ಹಿರಿಯರಿಂದ ಉತ್ತರ ಬಂತು, ಈ ರಿವ್ಯೂವರ್‌ಗೆ ವಿಷಯವೇ ಗೊತ್ತಿಲ್ಲ, ಬೇರೆಯವರಿಗೆ ಕಳಿಸಿ, ಅಂದ ಹಾಗೆ ಯಾರು ಇವರು? ಅವತ್ತು ರಾತ್ರಿ ನಿದ್ದೆ ಸರಿಯಾಗಿ ಬರ್ಲಿಲ್ಲ.

ಧೈರ್ಯ ಕೊಟ್ಟಿದ್ದು ಒಂದು ಹಳೇ ಕಥೆ, ಫಿಸಿಕಲ್ ರಿವ್ಯೂ ಅನ್ನೋ ಭೌತಶಾಸ್ತ್ರ ಜರ್ನಲ್‌ಗೆ ಆಗ ಎಡಿಟರ್ ಆಗಿದ್ದ ಜಾನ್ ಟೇಟ್ ಅವರದ್ದು. 1936ರಲ್ಲಿ ಐನ್‌ಸ್ಟೈನ್ ಮತ್ತು ನೇಥನ್ ರೋಸೆನ್, ಗುರುತ್ವದ ಅಲೆಗಳು ಇರೋಕೆ ಸಾಧ್ಯವಿಲ್ಲ ಅಂತ ವಾದಿಸಿ ಒಂದು ಪೇಪರ್ ಕಳಿಸಿದ್ರು. ಟೇಟ್ ಅದನ್ನ ರೆಫರಿಗೆ, ಅಂದ್ರೆ ರಿವ್ಯೂವರ್‌ಗೆ, ಕಳಿಸಿದ್ರು, ಹತ್ತು ಪುಟದ ಟೀಕೆ ಬಂತು, ಅದನ್ನ ಐನ್‌ಸ್ಟೈನ್‌ಗೆ ಕಳಿಸಿಕೊಟ್ರು. ಐನ್‌ಸ್ಟೈನ್‌ಗೆ ಸಿಟ್ಟು ಬಂತು, ಪ್ರಕಟಿಸೋಕೆ ಕಳಿಸಿದ್ದೇ ಹೊರತು ಅಚ್ಚಾಗೋ ಮುಂಚೆ ಬೇರೆಯವರಿಗೆ ತೋರಿಸಿ ಅಂತ ಅಲ್ಲ ಅಂತ ಬರೆದು ಪೇಪರ್ ವಾಪಸ್ ತಗೊಂಡ್ರು. ಟೇಟ್ ಮಣೀಲಿಲ್ಲ, ರೆಫರಿ ಹೆಸರೂ ಹೇಳ್ಲಿಲ್ಲ. ಮುಂದೆ ಐನ್‌ಸ್ಟೈನ್‌ಗೇ ಆ ತಪ್ಪು ಮನವರಿಕೆ ಆಗಿ, ಪೇಪರ್ ಬದಲಾದ ತೀರ್ಮಾನದೊಂದಿಗೆ 1937ರಲ್ಲಿ ಫ್ರಾಂಕ್ಲಿನ್ ಇನ್‌ಸ್ಟಿಟ್ಯೂಟ್‌ನ ಜರ್ನಲ್‌ನಲ್ಲಿ ಬಂತು. ಆ ರೆಫರಿ ಹೋವರ್ಡ್ ರಾಬರ್ಟ್‌ಸನ್ ಅನ್ನೋದು ಹಳೇ ಲಾಗ್‌ಬುಕ್ ನೋಡಿ 2005ರಲ್ಲಿ ಹೊರಗೆ ಬಂತು, ಸುಮಾರು ಎಪ್ಪತ್ತು ವರ್ಷ ಆದ ಮೇಲೆ. ಅಷ್ಟು ವರ್ಷ ಆ ಗುಟ್ಟು ಉಳೀತಲ್ಲ, ಅದು ನನಗೆ ಎಲ್ಲಕ್ಕಿಂತ ಹೆಚ್ಚು ಇಷ್ಟ ಆಯ್ತು.

ಬೆಳಗ್ಗೆ ಎದ್ದು ನಮ್ಮ ಹಿರಿಯರಿಗೆ ಬರೆದೆ. ಸರ್, ರಿವ್ಯೂವರ್ ಯಾರು ಅಂತ ಹೇಳೋಕಾಗಲ್ಲ. ಆ ಲೆಕ್ಕ ನಾನೂ ಮಾಡಿ ನೋಡಿದೆ, ನನಗೂ ಅದೇ ಉತ್ತರ ಬಂತು, ಇದರ ಜೊತೆ ಇಟ್ಟಿದ್ದೀನಿ, ಎಲ್ಲಿ ತಪ್ಪಿದ್ದೀನಿ ತೋರಿಸಿದ್ರೆ ಖಂಡಿತ ಮತ್ತೆ ಯೋಚನೆ ಮಾಡ್ತೀನಿ. ಒಂದು ವಾರ ಸದ್ದಿಲ್ಲ. ಆಮೇಲೆ ಎರಡು ಸಾಲು ಬಂತು: ನೀವು ಹೇಳಿದ್ದು ಸರಿ, ತಿದ್ದಿ ಕಳಿಸ್ತೀನಿ, ಆ ರಿವ್ಯೂವರ್‌ಗೆ ನನ್ನ ಥ್ಯಾಂಕ್ಸ್ ತಲುಪಿಸಿ. ತಲುಪಿಸಿದೆ. ಅವತ್ತಿಡೀ ದಿನ ಖುಷಿಯಾಗಿದ್ದೆ.

ಹೆಸರಿನ ಗುಟ್ಟಿನ ವಿಷಯದಲ್ಲೇ ನನ್ನಿಂದ ಒಂದು ತಪ್ಪೂ ಆಗಿದೆ, ಹೇಳ್ಲೇಬೇಕು. ಒಬ್ಬ ರಿವ್ಯೂವರ್ ತಮ್ಮ ಟಿಪ್ಪಣಿಗಳನ್ನ ಮ್ಯಾನುಸ್ಕ್ರಿಪ್ಟ್ ಫೈಲ್‌ನ ಮಾರ್ಜಿನ್‌ನಲ್ಲೇ ಹಾಕಿದ್ರು, ನಾನು ಆ ಫೈಲನ್ನ ಹಾಗೇ ಆಥರ್‌ಗೆ ಕಳಿಸಿಬಿಟ್ಟೆ. ಪ್ರತಿ ಟಿಪ್ಪಣಿಯ ಮೇಲೂ ಅವರ ಹೆಸರಿನ ಮೊದಲಕ್ಷರಗಳಿದ್ವು, ಫೈಲ್ ಪ್ರಾಪರ್ಟೀಸ್‌ನಲ್ಲಿ ಪೂರ್ತಿ ಹೆಸರೇ ಇತ್ತು. ಕಳಿಸಿದ ಹತ್ತು ನಿಮಿಷಕ್ಕೆ ಹೊಳೀತು, ಹೊಟ್ಟೆಯೊಳಗೆ ತಣ್ಣಗಾಯ್ತು. ತಕ್ಷಣ ಆ ರಿವ್ಯೂವರ್‌ಗೆ ಫೋನ್ ಮಾಡಿ ಆಗಿದ್ದು ಆಗಿದ ಹಾಗೆ ಹೇಳಿ ಕ್ಷಮೆ ಕೇಳಿದೆ, ಅವರು ದೊಡ್ಡ ಮನಸ್ಸಿನಿಂದ ತಗೊಂಡ್ರು. ಆಥರ್‌ಗೂ ಫೈಲ್ ಡಿಲೀಟ್ ಮಾಡಿ ಅಂತ ಕೇಳ್ಕೊಂಡೆ. ಈಗ ಯಾವ ಫೈಲ್ ಹೊರಗೆ ಹೋಗ್ಬೇಕಾದ್ರೂ ಆಫೀಸ್‌ನಲ್ಲಿ ಒಬ್ಬರು ಹೆಸರು ಅಳಿಸಿದ್ಯಾ ನೋಡಿ ಟಿಕ್ ಹಾಕಿದ ಮೇಲೇ ಹೋಗೋದು.

ಪಬ್ಲಿಷರ್ ಕಡೆಯವರು ಮೂರು ತಿಂಗಳಿಗೊಮ್ಮೆ ಕಾಲ್ ಮಾಡ್ತಾರೆ, ಮಾತು ಇಂಪ್ಯಾಕ್ಟ್ ಫ್ಯಾಕ್ಟರ್‌ಗೆ ಬಂದು ನಿಲ್ಲುತ್ತೆ. ಹಿಂದಿನ ಎರಡು ವರ್ಷ ಪ್ರಕಟಿಸಿದ್ದಕ್ಕೆ ಈ ವರ್ಷ ಬಂದ ಸೈಟೇಷನ್‌ನ (ಬೇರೆ ಪೇಪರ್‌ಗಳಲ್ಲಿ ಬಂದ ಉಲ್ಲೇಖಗಳನ್ನ) ಆ ಎರಡು ವರ್ಷದ ಪೇಪರ್‌ಗಳ ಸಂಖ್ಯೆಯಿಂದ ಭಾಗಿಸೋದು, ಅಷ್ಟೇ ಅದು. ನಮ್ಮಂಥ ಚಿಕ್ಕ ಜರ್ನಲ್‌ನಲ್ಲಿ ಒಂದೇ ಒಂದು ಪೇಪರ್ ಜನಪ್ರಿಯ ಆದ್ರೆ ಸಂಖ್ಯೆ ಮೇಲೆ ಹಾರುತ್ತೆ, ಎರಡು ವರ್ಷ ಆದ್ಮೇಲೆ ಇಳಿಯುತ್ತೆ. ಐದು ವರ್ಷ ನದಿಗೆ ಇಳಿದು ಎಣಿಸಿದ ಪೇಪರ್‌ಗೆ ಎರಡು ವರ್ಷದಲ್ಲಿ ಸೈಟೇಷನ್ ಬರೋದು ಕಷ್ಟ, ಇಪ್ಪತ್ತು ವರ್ಷ ಆದ್ಮೇಲೆ ಯಾರಿಗೋ ಆ ಹಳೇ ಎಣಿಕೆ ಬೇಕಾಗುತ್ತೆ. ಅವರಿಗೆ ಇದನ್ನೇ ಹೇಳ್ದೆ. ಅದರ ಬದಲು ಪ್ರತಿ ಪೇಪರ್‌ಗೂ ಮೊದಲ ನಿರ್ಧಾರಕ್ಕೆ ಎಷ್ಟು ದಿನ ಆಯ್ತು ಅಂತ ಒಂದು ಶೀಟ್ ಇಟ್ಟಿದ್ದೀನಿ, ನಮ್ಮ ಮೀಟಿಂಗ್‌ನಲ್ಲಿ ಮೊದಲು ನೋಡೋದು ಅದನ್ನ.

ಇನ್ನೊಂದು ವಿಷಯ ತಲೆ ತಿನ್ನುತ್ತಿದೆ. ಕಳೆದ ತಿಂಗಳು ಒಂದು ರಿವ್ಯೂ ಬಂತು, ನಾಲ್ಕು ಪ್ಯಾರಾ, ನುಣುಪಾದ ಭಾಷೆ, ಆದ್ರೆ ಯಾವ ಪೇಪರ್‌ಗೆ ಬೇಕಾದ್ರೂ ಅಂಟಿಸ್ಬಹುದು ಅನ್ನೋ ಥರ, ಪೇಪರ್‌ನಲ್ಲಿರೋ ಒಂದು ಚಿತ್ರದ ಬಗ್ಗೆಯೂ ಮಾತಿಲ್ಲ, ಒಂದು ಹುಳದ ಹೆಸರೂ ಇಲ್ಲ. ಕೇಳಿದ್ದಕ್ಕೆ ಚಾಟ್‌ಬಾಟ್‌ಗೆ ಹಾಕಿ ಬರೆಸಿದ್ದು ಅಂತ ಒಪ್ಕೊಂಡ್ರು. ಬರಹದ ಗುಣಮಟ್ಟ ಆಮೇಲಿನ ಮಾತು, ಆಥರ್ ನಮ್ಮನ್ನ ನಂಬಿ ಕೊಟ್ಟ ಅಪ್ರಕಟಿತ ಪೇಪರನ್ನ ಅವರಿಗೆ ಹೇಳ್ದೆ ಹೊರಗಿನ ಸಿಸ್ಟಮ್‌ಗೆ ಹಾಕಿದ್ದೇ ತಪ್ಪು. ಆ ರಿವ್ಯೂ ಬಳಸ್ಲಿಲ್ಲ, ಆಥರ್‌ಗೂ ಆಗಿದ್ದನ್ನ ತಿಳಿಸಿದೆ, ಆಹ್ವಾನದ ಪತ್ರದಲ್ಲಿ ಈಗ ಇದನ್ನ ಸ್ಪಷ್ಟವಾಗಿ ಬರೆದಿದ್ದೀವಿ.

ಇವತ್ತು ಬೆಳಗ್ಗೆ ಪಟ್ಟಿ ತೆರೆದಾಗ 34 ಇತ್ತು. ಆರು ತಿಂಗಳು ದಾಟಿದ್ದು ಎರಡು. ಎರಡರ ಆಥರ್‌ಗಳಿಗೂ ಸೋಮವಾರ ಬರೆದಿದ್ದೀನಿ. ಒಂದಕ್ಕೆ ರಿವ್ಯೂವರ್ ಸಿಕ್ಕಿದ್ದಾರೆ, ಆ ನದಿ ಕೀಟಗಳ ಪೇಪರ್ ಬರೆದವರೇ, ಕೇಳಿದ ದಿನವೇ ಒಪ್ಕೊಂಡ್ರು. ಇನ್ನೊಂದು ಸಿಹಿನೀರಿನ ಸ್ಪಂಜ್ ಅನ್ನೋ ಜೀವಿಗಳ ಮೇಲಿನದ್ದು, ಅದನ್ನ ಬಲ್ಲವರು ಬೆರಳೆಣಿಕೆಯಷ್ಟು ಜನ, ಒಂಬತ್ತು ಜನಕ್ಕೆ ಬರೆದಾಯ್ತು. ಹತ್ತನೇಯವರಿಗೆ ಈಗ ಬರೀಬೇಕು.